ಮತ್ತೆ ಹೆಬ್ಬೆಟ್ಟಿಗೆ ಬಂದೆವಲ್ಲ!

ನಿಮ್ಮ ಮನೆ ಪೆಟ್ಟಿಗೆಯಲ್ಲಿ ತಾತ ಮುತ್ತಾತನ ಕಾಲದ ಕ್ರಯಪತ್ರವೋ ಭೋಗ್ಯಪತ್ರವೋ ಇದ್ದರೆ ಒಂದು ಸಲ ತೆಗೆದು ನೋಡಿ. ಕೊನೆಗೆ ಹೆಬ್ಬೆಟ್ಟಿನ ಮಸಿ ಗುರುತು ಇರುತ್ತೆ. ಪಕ್ಕದಲ್ಲಿ ಸಾಕ್ಷಿಗಳ ರುಜು, ಕೆಳಗೆ 'ಬಿಕ್ಕಲಂ' ಅಂತ ಪತ್ರ ಬರೆದವನ ಹೆಸರು. ಓದಿಸಿ, ಕೇಳಿ, ತಿಳಿದು ಒಪ್ಪಿದ್ದೇನೆ ಎಂಬರ್ಥದ ಒಂದು ಮಾತೂ ಇರುತ್ತೆ. ಅಕ್ಷರ ಬಾರದವನಿಗೂ ಪತ್ರ ಓದಿ ಹೇಳಬೇಕು, ಅದಕ್ಕೆ ಸಾಕ್ಷಿ ಇರಬೇಕು ಅನ್ನೋ ಪದ್ಧತಿ ಅದು. ಆಗ ಮೋಸವೇ ಇರಲಿಲ್ಲ ಅಂತ ನಾನು ಹೇಳಲ್ಲ. ಓದಿ ಹೇಳುವವನೇ ಸಾಹುಕಾರನ ಕಡೆಯವನಾದರೆ ಏನು ಮಾಡೋದು? ಆದರೂ 'ಓದಿ ಹೇಳಬೇಕು' ಅನ್ನೋ ಮರ್ಯಾದೆಯಾದರೂ ಇತ್ತು.

ಈಗ ನೋಡಿ. 2020ರ ಮುಂಗಾರಿನಲ್ಲಿ, ರೈತರೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡಿಕೊಳ್ಳಲಿ ಅಂತ ನಮ್ಮ ಸರ್ಕಾರ ಆ್ಯಪ್ ತಂತು. ಹವಾಮಾನಕ್ಕೊಂದು ಆ್ಯಪ್, ಮಾರುಕಟ್ಟೆ ದರಕ್ಕೊಂದು, ಹಣ ಕಳಿಸೋಕೊಂದು, ಸಾಲಕ್ಕೊಂದು, ಹುಡುಗರ ಆಟಕ್ಕೆ ಹತ್ತು. ಬಹುಪಾಲು ಎಲ್ಲದರ ಬಾಗಿಲಲ್ಲೂ ಒಂದು ಕರಾರು ಪತ್ರ ಎದುರಾಗುತ್ತೆ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ಬೆರಳಲ್ಲಿ ಎಳೆದಷ್ಟೂ ಮುಗಿಯೋದಿಲ್ಲ. ಕೆಳಗೆ ಮಾತ್ರ ದಪ್ಪ ಅಕ್ಷರದಲ್ಲಿ 'ಐ ಅಗ್ರೀ', ಅಂದರೆ ಒಪ್ಪಿದ್ದೇನೆ. ನಾವು ಹೆಬ್ಬೆಟ್ಟಿನಿಂದ ಒತ್ತುತ್ತೇವೆ. ಸಾಕ್ಷಿ ಇಲ್ಲ, ಬಿಕ್ಕಲಂ ಇಲ್ಲ, ಓದಿ ಹೇಳುವವರೂ ಇಲ್ಲ. ಹೆಬ್ಬೆಟ್ಟು ಬಿಡಿಸಬೇಕು ಅಂತ ನಮ್ಮಪ್ಪ ಕಷ್ಟಪಟ್ಟು ನನ್ನನ್ನು ಏಳನೇ ಕ್ಲಾಸಿನವರೆಗೆ ಓದಿಸಿದ. ಸಹಿ ಕಲಿತ ನಾವು ಮತ್ತೆ ಹೆಬ್ಬೆಟ್ಟಿಗೇ ಬಂದೆವಲ್ಲ!

'ಓದದೆ ಒತ್ತಬೇಡಿ' ಅಂತ ಬುದ್ಧಿ ಹೇಳೋದು ಸುಲಭ. ನಾನು ಹೇಳಹೊರಟಿದ್ದು ಅಷ್ಟೇ ಅಲ್ಲ. ಜನ ಓದದೇ ಇರೋದಕ್ಕೆ ಜನರ ಸೋಮಾರಿತನ ಕಾರಣ ಅಲ್ಲ. ಆ ಪತ್ರ ಬರೆದವರೇ ಅದನ್ನು ಓದೋ ಹಾಗೆ ಬರೆದಿಲ್ಲ. ಓದಿಸುವ ಹೊಣೆ ಬರೆದವರ ಮೇಲೆ ಬೀಳಬೇಕು. ಇದು ನನ್ನ ವಾದ.

ಕ್ರಯ ಅಲ್ಲ, ಗುತ್ತಿಗೆ

ನಮ್ಮಣ್ಣನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗೆಲ್ಲ ಅವಳನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡ ವಿಚಾರ ಇಲ್ಲಿ ಬಹಳ ಇದೆ. ಮೊದಲು ತಿಳಿದದ್ದು ಇದು: ಸಾಫ್ಟ್‌ವೇರಿಗೆ ನಾವು ದುಡ್ಡು ಕೊಟ್ಟರೂ ಸಾಮಾನ್ಯವಾಗಿ ಅದು ನಮ್ಮದಾಗೋದಿಲ್ಲ. ಬಳಸೋಕೆ ಅಪ್ಪಣೆ ಮಾತ್ರ ಸಿಗುತ್ತೆ. ಅದಕ್ಕೇ ಲೈಸೆನ್ಸ್ ಅನ್ನೋದು. ಹೊಲವನ್ನು ಕ್ರಯಕ್ಕೆ ತಗೊಳ್ಳೋದಕ್ಕೂ ಗುತ್ತಿಗೆಗೆ ಮಾಡೋದಕ್ಕೂ ಇರೋ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುತ್ತಿಗೆ ಹೊಲದ ಬದುವಿನ ಬೇವಿನ ಮರ ನಾವು ಕಡಿಯೋ ಹಾಗಿಲ್ಲ. ಷರತ್ತು ಹೊಲದ ಯಜಮಾನನದು.

ಅಮೆರಿಕದ ರೈತರಿಗೆ ಇದರ ಬಿಸಿ ತಟ್ಟಿದ್ದು ಟ್ರ್ಯಾಕ್ಟರಿನಲ್ಲಿ. ಅಲ್ಲಿನ ದೊಡ್ಡ ಟ್ರ್ಯಾಕ್ಟರುಗಳ ಹೊಟ್ಟೆಯಲ್ಲಿ ಕಂಪ್ಯೂಟರ್ ಇರುತ್ತೆ. ಜಾನ್ ಡಿಯರ್ ಕಂಪನಿ 2015ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿಗೆ ಹೇಳಿದ್ದು ಏನೆಂದರೆ, ಒಳಗಿನ ಸಾಫ್ಟ್‌ವೇರ್ ರೈತನ ಸ್ವತ್ತಲ್ಲ, ಗಾಡಿ ಬಾಳುವವರೆಗೆ ಅದನ್ನು ಓಡಿಸೋಕೆ ಅವನಿಗೆ ಲೈಸೆನ್ಸ್ ಇದೆ ಅಷ್ಟೆ. 2016ರಲ್ಲಿ ಅದೇ ಕಂಪನಿ ತಂದ ಕರಾರಿನಲ್ಲಿ, ಸಾಫ್ಟ್‌ವೇರ್ ಕೆಟ್ಟು ಬೆಳೆ ನಷ್ಟವಾದರೂ ಕಂಪನಿ ಹೊಣೆ ಅಲ್ಲ ಅಂತ ಬರೆದಿತ್ತು. ಲಕ್ಷಗಟ್ಟಲೆ ಡಾಲರ್ ಸುರಿದು ತಂದ ಗಾಡಿಯನ್ನು ಕೊಯ್ಲಿನ ಹೊತ್ತಿನಲ್ಲಿ ತಾನೇ ರಿಪೇರಿ ಮಾಡಿಕೊಳ್ಳಲಾಗದೆ ರೈತ ಡೀಲರಿಗೆ ಕಾಯಬೇಕಾಯಿತು. ಅವರು ಸುಮ್ಮನೆ ಕೂರಲಿಲ್ಲ. ಕೊಲರಾಡೋ ರಾಜ್ಯ 2023ರಲ್ಲಿ ರೈತರಿಗೆ ರಿಪೇರಿ ಹಕ್ಕು ಕೊಡುವ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯೇ ಕಂಪನಿ ಮೇಲೆ ದಾವೆ ಹೂಡಿತು.

ಲೈಸೆನ್ಸ್ ಕರಾರು ಬೀಜಕ್ಕೂ ಬಂದಿದೆ. ಮಿಸಿಸಿಪ್ಪಿ ರಾಜ್ಯದ ಒಬ್ಬ ಸೋಯಾ ರೈತ 1998ರಲ್ಲಿ ಮೊನ್ಸಾಂಟೊ ಕಂಪನಿಯ ಬೀಜ ತಗೊಳ್ಳುವಾಗ ಒಂದು ಕರಾರಿಗೆ ಸಹಿ ಹಾಕಿದ. ಬೆಳೆದ ಕಾಳನ್ನು ಮುಂದಿನ ವರ್ಷ ಬಿತ್ತಿದ. ಕಂಪನಿ ಕೋರ್ಟಿಗೆ ಎಳೆಯಿತು, ಅದೂ ಅವನ ರಾಜ್ಯದಲ್ಲಿ ಅಲ್ಲ, ಮಿಸೌರಿಯಲ್ಲಿ. ಏಕೆಂದರೆ ತಕರಾರು ಬಂದರೆ ಮಿಸೌರಿಯ ಕೋರ್ಟಿನಲ್ಲೇ ತೀರ್ಮಾನ ಅಂತ ಆ ಕಾಗದದಲ್ಲಿತ್ತು. ಆ ಮಾತಿಗೆ ರೈತ ಕಟ್ಟುಬಿದ್ದಿದ್ದಾನೆ ಅಂತ 2002ರಲ್ಲಿ ಮೇಲಿನ ನ್ಯಾಯಾಲಯವೂ ಹೇಳಿತು. ನಮ್ಮಲ್ಲಿ 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣೆ ಕಾಯ್ದೆ ಇರೋದರಿಂದ ಬೆಳೆದ ಬೀಜ ಉಳಿಸಿ ಬಿತ್ತೋದು, ಹಂಚಿಕೊಳ್ಳೋದು ರೈತನ ಹಕ್ಕು. ಬ್ರಾಂಡ್ ಹಾಕಿ ಮಾರೋ ಹಾಗಿಲ್ಲ ಅಷ್ಟೆ. ಆ ಕಾಯ್ದೆ ಇರದಿದ್ದರೆ ಇಂಥ ಕಾಗದ ನಮ್ಮ ಬೀಜದ ಚೀಲಕ್ಕೂ ಅಂಟಿಕೊಂಡು ಬರುತ್ತಿತ್ತೇನೋ!

ಓದು ಬಲ್ಲವರೂ ಓದೋದಿಲ್ಲ

"ನೀನು ಓದ್ತೀಯೇನಮ್ಮ ಇದನ್ನೆಲ್ಲ?" ಅಂತ ಅಣ್ಣನ ಮಗಳನ್ನು ಕೇಳಿದೆ. "ಇಲ್ಲ ಚಿಕ್ಕಪ್ಪ. ನಮ್ಮ ಆಫೀಸಲ್ಲೂ ಯಾರೂ ಓದಲ್ಲ" ಅಂದಳು. ಸಾಫ್ಟ್‌ವೇರ್ ಮಾಡೋರೇ ಓದದ ಮೇಲೆ ನಮ್ಮನ್ನು ಬೈದು ಏನು ಪ್ರಯೋಜನ?

ಅವಳು ಎರಡು ತಮಾಷೆ ಸಂಗತಿ ಹೇಳಿದಳು. ಅಮೆರಿಕದ ಪಿಸಿ ಪಿಟ್‌ಸ್ಟಾಪ್ ಎಂಬ ಕಂಪನಿ ತನ್ನ ಕರಾರಿನ ನಡುವೆ, ಇದನ್ನು ಓದಿ ಈ ವಿಳಾಸಕ್ಕೆ ಬರೆದವರಿಗೆ ಬಹುಮಾನ ಇದೆ ಅಂತ ಸೇರಿಸಿತ್ತು. ನಾಲ್ಕು ತಿಂಗಳು ಕಳೆಯಿತು. 3,000ಕ್ಕಿಂತ ಹೆಚ್ಚು ಸಲ ಜನ ಅದನ್ನು ಇಳಿಸಿಕೊಂಡ ಮೇಲೆ ಒಬ್ಬನೇ ಒಬ್ಬ ಬರೆದ. ಅವನಿಗೆ 1,000 ಡಾಲರ್ ಸಿಕ್ಕಿತು. ಇದು 2005ರ ಸುದ್ದಿ.

ಇನ್ನೊಂದು ಇಂಗ್ಲೆಂಡಿನದು. ಪರ್ಪಲ್ ಎಂಬ ಕಂಪನಿ ಸಾರ್ವಜನಿಕ ಜಾಗದಲ್ಲಿ ಪುಕ್ಕಟೆ ಇಂಟರ್‌ನೆಟ್ ಕೊಡುತ್ತಿತ್ತು. 2017ರಲ್ಲಿ ಪರೀಕ್ಷೆಗೆ ಅಂತ ಎರಡು ವಾರ ಕರಾರಿನಲ್ಲಿ ಒಂದು ಷರತ್ತು ತುರುಕಿತು. ಒಪ್ಪಿದವರು 1,000 ಗಂಟೆ ಊರ ಸೇವೆ ಮಾಡಬೇಕು. ಕಕ್ಕಸು ತೊಳೆಯೋದು, ಕಟ್ಟಿಕೊಂಡ ಚರಂಡಿ ಕೈಯಿಂದ ಬಿಡಿಸೋದು ಇತ್ಯಾದಿ. 22,000 ಜನ ಒಪ್ಪಿದರು! ಷರತ್ತನ್ನು ಕಂಡುಹಿಡಿದವನು ಒಬ್ಬನೇ. ಕಂಪನಿ ಯಾರಿಂದಲೂ ಚರಂಡಿ ಬಿಡಿಸಲಿಲ್ಲ ಬಿಡಿ. ಆದರೆ ಓದು ಬರಹ ಬಲ್ಲ ನಾಡಿನ ಸ್ಥಿತಿಯೇ ಇದು.

ಓದುತ್ತೇನೆ ಅಂತ ಹಟ ಹಿಡಿದರೂ ಆಗೋ ಮಾತಲ್ಲ. ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದವರು 2008ರಲ್ಲಿ ಲೆಕ್ಕ ಹಾಕಿದರು. ಇಂಟರ್‌ನೆಟ್ ಬಳಸುವ ಒಬ್ಬ ಮನುಷ್ಯ ತಾನು ನೋಡುವ ಪ್ರತಿ ತಾಣದ ಖಾಸಗಿ ಮಾಹಿತಿ ನಿಯಮವನ್ನು ವರ್ಷಕ್ಕೊಮ್ಮೆ ಓದಿದರೂ 200 ಗಂಟೆಗಿಂತ ಹೆಚ್ಚು ಬೇಕು. ದಿನಕ್ಕೆ ಎಂಟು ಗಂಟೆಯ ಕೂಲಿಯಂತೆ 25 ಆಳು. ಅಷ್ಟರಲ್ಲಿ ನಮ್ಮ ಶೇಂಗಾ ಬಿತ್ತನೆಯ ಹದವೇ ಹೋಗಿರುತ್ತೆ. ಯಾವ ಪತ್ರವನ್ನು ಓದೋಕೆ ಸಾಧ್ಯವೇ ಇಲ್ಲವೋ ಅದಕ್ಕೆ 'ಓದಿ ಒಪ್ಪಿದ್ದೇನೆ' ಅಂತ ಬರೆಸಿಕೊಳ್ಳೋದು ಸುಳ್ಳು ಹೇಳಿಸಿದ ಹಾಗೆ.

ನಾನು ಒತ್ತಿಲ್ಲ, ನನ್ನ ನಂಬರ್ ಹೋಯಿತು

ಇದು ಬರೀ ತಮಾಷೆಯಾಗಿದ್ದರೆ ನಾನು ಪೆನ್ನು ಹಿಡೀತಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಆಗ ನಮ್ಮೂರಿನ ಒಬ್ಬ ಹುಡುಗ ಫೋನಿನಲ್ಲಿ ಸಾಲ ಕೊಡುವ ಆ್ಯಪ್ ಹಾಕಿಕೊಂಡ. ಹೆಸರು ಬೇಡ, ಆ್ಯಪಿನದೂ ಬೇಡ. ಕೇಳಿದ್ದು 5,000 ರೂಪಾಯಿ, ಕೈಗೆ ಬಂದದ್ದು 3,400. ವಾರದೊಳಗೆ 5,000 ತುಂಬು ಅಂತ ಷರತ್ತು. ಆ್ಯಪ್ ಹಾಕುವಾಗ ಅದು ಕೇಳಿದ್ದಕ್ಕೆಲ್ಲ 'ಅಲೋ', 'ಅಲೋ' ಅಂತ ಒತ್ತಿದ್ದ. ಅದರಲ್ಲಿ ಒಂದು, ಅವನ ಫೋನಿನಲ್ಲಿರೋ ಎಲ್ಲರ ಹೆಸರು, ನಂಬರ್ ಓದೋ ಅಪ್ಪಣೆ.

ಎಂಟನೇ ದಿನ ಊರಿಗೆಲ್ಲ ಫೋನ್ ಶುರುವಾಯಿತು. ನನಗೂ ಬಂತು. "ಅವನ ಸಾಲಕ್ಕೆ ನಿಮ್ಮ ನಂಬರ್ ಕೊಟ್ಟಿದ್ದಾನೆ, ನೀವು ಕಟ್ಟಿ" ಅಂತ. ಅವನ ಹೆಂಡತಿಯ ತವರಿಗೂ ಹೋಯಿತು. ಮಾತು ಇಲ್ಲಿ ಬರೆಯೋ ಹಾಗಿರಲಿಲ್ಲ. ಹುಡುಗ ಎರಡು ಕುರಿ ಮಾರಿ ಕಟ್ಟಿದ. ಆದರೂ ತಿಂಗಳಗಟ್ಟಲೆ ಹೋಟೆಲ್ ಕಡೆ ತಲೆ ಹಾಕಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ನಾನು ಯಾವ ಬಟನ್ನೂ ಒತ್ತಿಲ್ಲ, ಯಾವುದಕ್ಕೂ ಒಪ್ಪಿಲ್ಲ. ಆದರೂ ನನ್ನ ನಂಬರ್ ಹೋಯಿತು. ಒಬ್ಬನ ಹೆಬ್ಬೆಟ್ಟು ಇಡೀ ಊರಿನ ಒಪ್ಪಿಗೆಯಾಗಿಬಿಟ್ಟಿತು. ನಮ್ಮ ಹೊಲವನ್ನು ಪಕ್ಕದವನು ಬರೆದುಕೊಟ್ಟರೆ ನಡೆಯುತ್ತಾ?

ಇದಕ್ಕೆ ನಿಯಮ ಇರಲಿಲ್ಲ ಅಂತಲ್ಲ. 2022ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಹೇಳಿತ್ತು: ಸಾಲದ ಆ್ಯಪ್‌ಗಳು ಫೋನಿನ ನಂಬರ್ ಪಟ್ಟಿ, ಕರೆಗಳ ವಿವರ, ಫೋಟೊ ಕಡತ ಮುಟ್ಟಕೂಡದು. ಸಾಲದ ಮುಖ್ಯಾಂಶಗಳನ್ನು, ಎಲ್ಲ ಖರ್ಚು ಸೇರಿ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತೆ ಅನ್ನೋದನ್ನು, ಕರಾರಿಗೆ ಮೊದಲೇ ಒಂದು ಪಟ್ಟಿಯಲ್ಲಿ ಕೊಡಬೇಕು. ಆದರೆ ಈ ಹುಡುಗ ಸಿಕ್ಕಿಕೊಂಡ ಆ್ಯಪ್ ಯಾವ ಬ್ಯಾಂಕಿಗೂ ಸೇರಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ನಿಯಮ ಬ್ಯಾಂಕಿನ ಬಾಗಿಲಲ್ಲಿ ನಿಂತಿತ್ತು, ಕಳ್ಳ ಹಿತ್ತಲಿಂದ ಬಂದ.

ಕಾನೂನು ಏನನ್ನುತ್ತೆ?

ನಮ್ಮ ದೇಶದ ಕರಾರು ಕಾಯ್ದೆ 1872ರದು. ಅದರ 13ನೇ ಕಲಮು ಒಪ್ಪಿಗೆ ಅಂದರೆ ಏನು ಅಂತ ಹೇಳುತ್ತೆ: ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡಾಗ ಮಾತ್ರ ಅದು ಒಪ್ಪಿಗೆ. ಎಂಥ ಚೆಂದದ ಮಾತು ನೋಡಿ. ಕಂಪನಿ ಒಪ್ಪಿಸಿಕೊಂಡದ್ದು ನಂಬರ್ ಪಟ್ಟಿ, ಹುಡುಗ ಒಪ್ಪಿದ್ದು ಶೇಂಗಾ ಬೀಜದ ದುಡ್ಡು. ಒಂದೇ ಸಂಗತಿ ಎಲ್ಲಿ ಬಂತು, ಒಂದೇ ಅರ್ಥ ಎಲ್ಲಿ ಬಂತು?

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂತು. ಅದರಲ್ಲಿ ನಮಗೆ ಬೇಕಾದ ಎರಡು ಮಾತಿದೆ. ಒಂದು, ಏನು ಮಾಹಿತಿ ಯಾಕೆ ಬೇಕು ಅನ್ನೋ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ನೋಡುವ ಅವಕಾಶ ಕೊಡಬೇಕು. ಆ 22 ಭಾಷೆಯಲ್ಲಿ ಕನ್ನಡವೂ ಒಂದು. ಎರಡು, ಕೆಲಸಕ್ಕೆ ಬೇಕಾದಷ್ಟಕ್ಕೆ ಮಾತ್ರ ಒಪ್ಪಿಗೆ ನಿಲ್ಲುತ್ತೆ. ಕಾಯ್ದೆಯೇ ಉದಾಹರಣೆ ಕೊಟ್ಟಿದೆ: ಫೋನಿನಲ್ಲಿ ಡಾಕ್ಟರ ಸಲಹೆ ಕೊಡುವ ಆ್ಯಪ್ ನಂಬರ್ ಪಟ್ಟಿಯನ್ನೂ ಕೇಳಿದರೆ, ಬಳಸುವವರು ಎರಡಕ್ಕೂ ಹೂಂ ಅಂದಿದ್ದರೂ, ಒಪ್ಪಿಗೆ ಚಿಕಿತ್ಸೆಗೆ ಬೇಕಾದಷ್ಟಕ್ಕೇ ಸೀಮಿತ. 2025ರ ನವೆಂಬರಿನಲ್ಲಿ ಇದರ ನಿಯಮಗಳು ಹೊರಬಿದ್ದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ.

ಕಾನೂನು ಒಳ್ಳೆಯದೇ. ಆದರೆ ಇಂಗ್ಲಿಷಿನ 40 ಪುಟವನ್ನು ಕನ್ನಡದ 50 ಪುಟ ಮಾಡಿ ಮುಂದಿಟ್ಟರೆ ನಮ್ಮ ಕೈಗೆ ಏನು ಬಂತು? ನನ್ನ ಭಯ ಇರೋದು ಇಲ್ಲೇ.

ವಿಷದ ಡಬ್ಬಿಯ ಪಾಠ

ಓದಿಸೋದು ಹೇಗೆ ಅನ್ನೋದಕ್ಕೆ ದಾರಿ ನಮ್ಮ ಕೊಟ್ಟಿಗೆಯ ಅಟ್ಟದ ಮೇಲೇ ಇದೆ. ಕೀಟನಾಶಕದ ಡಬ್ಬಿ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಮೇಲೆ ವಜ್ರಾಕಾರದ ಗುರುತು ಇರಲೇಬೇಕು. ಕೆಳಗಿನ ಅರ್ಧ ಕೆಂಪು ಇದ್ದರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಡಬ್ಬಿ ಜೊತೆ ಮಡಿಸಿಟ್ಟ ಚೀಟಿಯನ್ನು ಪೂರ್ತಿ ಓದಿದವರು ನಮ್ಮೂರಲ್ಲಿ ಎಷ್ಟು ಮಂದಿಯೋ ಕಾಣೆ. ಆದರೆ ಕೆಂಪು ಗುರುತಿನ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು ಅಂತ ಓದು ಬಾರದ ನಮ್ಮಮ್ಮನಿಗೂ ಗೊತ್ತಿತ್ತು. ಉದ್ದದ ಚೀಟಿ ಒಳಗಿದೆ, ಜೀವಕ್ಕೆ ಬೇಕಾದ ಮಾತು ಹೊರಗಿದೆ.

ಲೈಸೆನ್ಸ್ ಕರಾರಿಗೂ ಹೀಗೇ ಮಾಡಲಿ. ಲಾಯರಿಗೆ ಬೇಕಾದ 40 ಪುಟ ಒಳಗಿರಲಿ. 'ಒಪ್ಪಿದ್ದೇನೆ' ಬಟನ್ನಿನ ಮೇಲೆ ಒಂದೇ ಪರದೆ, ದಪ್ಪ ಅಕ್ಷರದ ಕನ್ನಡ, ಐದು ಪ್ರಶ್ನೆಗೆ ಉತ್ತರ. ನನ್ನಿಂದ ಏನೇನು ತಗೊಳ್ತೀರಿ? ಅದನ್ನು ಯಾರಿಗೆ ಕೊಡ್ತೀರಿ? ಈಗ ಮತ್ತು ಮುಂದೆ ಎಷ್ಟು ದುಡ್ಡು ಬೀಳುತ್ತೆ? ಬೇಡ ಅನ್ನಿಸಿದರೆ ಬಿಡೋದು ಹೇಗೆ? ತಕರಾರು ಬಂದರೆ ಯಾವ ಊರಿನ ಕೋರ್ಟು? ಪಕ್ಕದಲ್ಲಿ ಬಣ್ಣದ ಗುರುತು. ಓದು ಬಾರದವರಿಗೆ ಓದಿ ಹೇಳುವ ಬಟನ್ನು. ಫೋನಿಗೆ ಹಾಡು ಹಾಡೋಕೆ ಬರುತ್ತೆ, ಹತ್ತು ಸಾಲು ಓದೋಕೆ ಬರಲ್ವೇ?

'ಇಷ್ಟು ದೊಡ್ಡ ವಿಷಯ ಒಂದು ಪರದೆಯಲ್ಲಿ ಹಿಡಿಯಲ್ಲ' ಅಂತಾರೆ ಕೆಲವರು. ಅದಕ್ಕೂ ಉತ್ತರ ಇದೆ. ಹೊರಗಿನ ಹತ್ತು ಸಾಲಿಗೂ ಒಳಗಿನ 40 ಪುಟಕ್ಕೂ ತಾಳೆಯಾಗದಿದ್ದರೆ ಹತ್ತು ಸಾಲೇ ಗೆಲ್ಲಬೇಕು ಅಂತ ಕಾನೂನಿನಲ್ಲಿ ಬರೆಯಲಿ. ಆಗ ನೋಡಿ, ಅದೇ ಲಾಯರುಗಳು ಎಷ್ಟು ಚೆನ್ನಾಗಿ ಹತ್ತು ಸಾಲು ಬರೀತಾರೆ ಅಂತ!

ಇನ್ನೊಂದು ಮಾತು. ಬೇಡ ಅನ್ನೋಕೂ ಜಾಗ ಇರಬೇಕು. ಈಗ 'ಇಲ್ಲ' ಅಂದರೆ ಆ್ಯಪೇ ತೆರೆಯಲ್ಲ. ಅದು ಒಪ್ಪಿಗೆ ಅಲ್ಲ, ಒತ್ತಾಯ. ಕೆಲವು ಕಡೆ 'ಇಲ್ಲ' ಅನ್ನೋದೂ ನಾಟಕ. ಅಮೆರಿಕದಲ್ಲಿ ಕೋಟ್ಯಂತರ ಜನ ಹಾಕಿಕೊಂಡಿದ್ದ ಒಂದು ಟಾರ್ಚ್ ಆ್ಯಪ್ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಕ್ರಮ ಕೈಗೊಂಡಿತು. ಒಪ್ಪುವ ಬಟನ್ನೂ ಇತ್ತು, ನಿರಾಕರಿಸುವ ಬಟನ್ನೂ ಇತ್ತು. ಆದರೆ ಯಾವುದನ್ನೂ ಒತ್ತುವ ಮೊದಲೇ, ಫೋನ್ ಎಲ್ಲಿದೆ ಅನ್ನೋ ಮಾಹಿತಿ ಜಾಹೀರಾತಿನವರಿಗೆ ಹೋಗುತ್ತಿತ್ತು. ರಾತ್ರಿ ಹಂದಿ ಕಾವಲಿಗೆ ಹೊಲಕ್ಕೆ ಹೋಗುವವನಿಗೆ ಬೇಕಾಗಿರೋದು ಬೆಳಕು. ಅವನು ಯಾವ ಹೊಲದಲ್ಲಿದ್ದಾನೆ ಅನ್ನೋದು ಟಾರ್ಚಿಗೆ ಯಾಕೆ?

ಅಲ್ಲಿಯವರೆಗೆ ನಾವೇನು ಮಾಡೋದು?

ಕಾನೂನು ಬರಲಿ ಅಂತ ಕಾಯುತ್ತ ಕೂರೋ ಹಾಗಿಲ್ಲ. ಪೂರ್ತಿ ಓದೋಕೆ ಆಗದಿದ್ದರೂ ಇಷ್ಟು ಮಾಡಬಹುದು.

ಒಂದು, ಕೇಳುವ ಅಪ್ಪಣೆಗೂ ಮಾಡುವ ಕೆಲಸಕ್ಕೂ ತಾಳೆ ನೋಡಿ. ಬೆಳೆ ಸಮೀಕ್ಷೆ ಆ್ಯಪ್ ಕ್ಯಾಮೆರಾ ಕೇಳಿದರೆ, ಜಾಗ ಕೇಳಿದರೆ ನ್ಯಾಯ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಫೋಟೊ ತೆಗೀಬೇಕಲ್ಲ. ಸಾಲದ ಆ್ಯಪ್ ನಂಬರ್ ಪಟ್ಟಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಆ್ಯಪನ್ನೇ ತೆಗೆದುಹಾಕಿ.

ಎರಡು, ಪ್ಲೇ ಸ್ಟೋರಿನಲ್ಲಿ 2022ರಿಂದ ಪ್ರತಿ ಆ್ಯಪಿನ ಕೆಳಗೆ ದತ್ತಾಂಶ ಸುರಕ್ಷತೆ ಅನ್ನೋ ಭಾಗ ಇದೆ. ಏನು ತಗೊಳ್ತಾರೆ ಅಂತ ಚಿಕ್ಕದಾಗಿ ಇರುತ್ತೆ. ಬರೆದುಕೊಡುವವರು ಆ್ಯಪಿನವರೇ, ಹಾಗಾಗಿ ಪೂರ್ತಿ ನಂಬಬೇಡಿ. ಆದರೆ ಅಲ್ಲೇ ಅತಿಯಾಗಿ ಕಂಡರೆ ಹಾಕಿಕೊಳ್ಳಲೇ ಬೇಡಿ.

ಮೂರು, ಕೊಟ್ಟ ಅಪ್ಪಣೆಯನ್ನು ವಾಪಸ್ ತಗೋಬಹುದು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳು, ಅದರೊಳಗೆ ಪರ್ಮಿಷನ್ಸ್ ಅಂತ ಇದೆ. ವರ್ಷಕ್ಕೊಮ್ಮೆ ಹೊಲದ ಬದು ನೋಡಿ ಬರೋ ಹಾಗೆ ಅದನ್ನೂ ನೋಡಿ ಬನ್ನಿ.

ನಾಲ್ಕು, ಸಾಲ ಬೇಕೇ ಬೇಕಾದರೆ ಮುಖ್ಯಾಂಶದ ಪಟ್ಟಿ ಕೇಳಿ. ಬ್ಯಾಂಕು, ಹಣಕಾಸು ಕಂಪನಿಗಳಿಗೆ ಸೇರಿದ ಸಾಲದ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಮೋಸವಾಗಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಐದು, ಬಿಲ್ಲಿನ ಮೂಲೆಯಲ್ಲಿ ದೂರದ ಊರಿನ ನ್ಯಾಯಾಲಯದ ವ್ಯಾಪ್ತಿ ಅಂತ ಅಚ್ಚು ಹಾಕಿದ್ದಾರೆ ಅಂತ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣೆ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸ ಇರೋ ಕಡೆಯೇ ದೂರು ಕೊಡಬಹುದು.

ಕೊನೆಗೆ ಒಂದು ಸಲಹೆ. ಪ್ರತಿ ಊರಲ್ಲೂ ಹತ್ತನೇ ಕ್ಲಾಸು, ಪಿಯುಸಿ ಓದಿದ ಮಕ್ಕಳಿದ್ದಾರೆ. ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ವಾರಕ್ಕೊಂದು ಸಂಜೆ ಅವರನ್ನು ಕೂರಿಸಿ. ಹೊಸ ಆ್ಯಪ್ ಹಾಕಿಕೊಳ್ಳೋರು ಅಲ್ಲೇ ಹಾಕಿಕೊಳ್ಳಲಿ, ಅದು ಏನು ಕೇಳುತ್ತೆ ಅಂತ ಆ ಮಕ್ಕಳು ಜೋರಾಗಿ ಓದಿ ಹೇಳಲಿ. ಉಳಿದವರೂ ಕೇಳಿಸಿಕೊಳ್ಳಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಒಂದು ಬೆಂಚು ಸಾಕು. ನಿಮ್ಮೂರಲ್ಲಿ ಇಂಥದ್ದು ಆಗಲೇ ನಡೆದಿದ್ದರೆ, ಯಾವ ಆ್ಯಪ್ ಏನು ಕೇಳಿತು, ನೀವು ಏನು ಮಾಡಿದಿರಿ ಅಂತ ಪತ್ರಿಕೆಗೆ ಬರೆಯಿರಿ. ಒಬ್ಬರಿಗೆ ತಿಳಿದದ್ದು ಹತ್ತು ಊರಿಗೆ ಗೊತ್ತಾಗಲಿ.